ಹಾಸಿಗೆಯ ಕೆಳಗಿನ ಬ್ಯಾಟರಿ

“ಇವನ ಕೈಗೆ ಟಾರ್ಚಿನ ಸೆಲ್ ಕೊಟ್ಟರೂ ಹೆಚ್ಚೇ,” ಎಂದ ಭಾವ. “ಅದನ್ನೂ ತಲೆಕೆಳಗು ಹಾಕಿ ಕತ್ತಲಲ್ಲಿ ಕೂತಿರ್ತಾನೆ. ಇಂಥವನ ಕೆಲಸ ನಂಬಿ ವಯಸ್ಸಾದ ಜೀವಾನ ಗಾಡಿ ಹತ್ತಿಸಿದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.”

ಮೂಲೆಗೆ ಕರೆದು ಹೇಳಿದ ಮಾತಲ್ಲ ಇದು. ವರ್ಕ್‌ಶಾಪಿನ ಅಂಗಳದ ನಟ್ಟನಡುವೆ ನಿಂತು, ನಾಲ್ಕು ಜನರಿಗೆ ಕೇಳಲೆಂದೇ ಹೇಳಿದ್ದು. ವೆಲ್ಡರ್ ಮುಖದ ಗುರಾಣಿ ಮೇಲಕ್ಕೆತ್ತಿದ. ಪೇಂಟರ್ ಸ್ಪ್ರೇ ನಿಲ್ಲಿಸಿದ. ಟೈರಿಗೆ ಗಾಳಿ ಹಿಡಿಸಲು ಬಂದಿದ್ದ ಇಬ್ಬರು, ಹಿಂದೆಂದೂ ಇವನ ಮುಖ ನೋಡದವರು, ಅವರೂ ತಿರುಗಿ ನೋಡಿದರು. ಕಚೇರಿಯ ಬಾಗಿಲಲ್ಲಿ ವರ್ಕ್‌ಶಾಪಿನ ಯಜಮಾನ ಮೇಸ್ತ್ರಿ ಕನ್ನಡಕ ಒರೆಸುತ್ತ ನಿಂತಿದ್ದರು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದರು.

ಬೈಸಿಕೊಂಡವನನ್ನು ಅಲ್ಲಿ ಎಲ್ಲರೂ ಕರೆಯುವುದು ಕಿಡಿ ಎಂದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಸ್ಪ್ಯಾನರನ್ನು ಬ್ಯಾಟರಿಯ ಎರಡೂ ಟರ್ಮಿನಲ್ಲಿಗೆ ತಾಗಿಸಿ ಕಿಡಿ ಹಾರಿಸಿದ್ದ, ಹೆಸರು ಹುಟ್ಟಿದ್ದು ಅದರಿಂದ. ಉಳಿದುಕೊಂಡದ್ದು ಮಾತ್ರ ಅವನ ಸಿಟ್ಟಿನಿಂದ. ಬೇರೆ ದಿನವಾಗಿದ್ದರೆ ಭಾವ ಎನ್ನುವುದನ್ನೂ ಮರೆತು ನಾಲ್ಕು ಮಾತು ತಿರುಗಿಸಿ ಕೊಟ್ಟಿರುತ್ತಿದ್ದ. ಮಾತು ನಾಲಗೆಯ ತುದಿಗೂ ಬಂದಿತ್ತು. ಆದರೆ ಭಾವನ ಬೆನ್ನ ಹಿಂದೆ ಗಾಡಿಯ ಕಿಟಕಿಯಿತ್ತು, ಕಿಟಕಿಯಲ್ಲಿ ಅಮ್ಮನಿದ್ದಳು, ಅಮ್ಮನ ಮೂಗಿನ ಕೆಳಗೆ ಎರಡು ಕವಲಿನ ತೆಳು ಕೊಳವೆಯಿತ್ತು. ಆ ಕೊಳವೆ ನೋಡಿ ಮಾತನ್ನು ನುಂಗಿಕೊಂಡ.

ಭಾವನದು ಊರೂರು ಸುತ್ತುವ ಕೆಲಸ. ಗಿರಣಿ, ಗೋದಾಮು, ಮಾರುಕಟ್ಟೆ ಎಂದು ಹೋಗಿ ಅಲ್ಲಿನ ತೂಕದ ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತಬೇಕು. ವರ್ಷದ ಮುಕ್ಕಾಲು ಭಾಗ ರಸ್ತೆಯಲ್ಲೇ ಕಳೆಯುವವನಿಗೆ ಮನೆಯಾದರೂ ಯಾಕೆ ಎಂದು, ಹಳೆಯ ಮಿನಿಬಸ್ಸಿನ ಸೀಟು ಕಿತ್ತು ಅದರೊಳಗೇ ಮನೆ ಮಾಡಿಸಿಕೊಂಡಿದ್ದ. ಉದ್ದಕ್ಕೆ ಒಂದು ಹಾಸಿಗೆ, ಅಡ್ಡಕ್ಕೆ ಒಂದು, ನಡುವೆ ಮಡಚುವ ಮೇಜು, ಒಲೆ, ನೀರಿನ ಟ್ಯಾಂಕು. ಅಕ್ಕ ಅದನ್ನು ಮನೆಗಾಡಿ ಎಂದು ಕರೆದಳು, ಎಲ್ಲರಿಗೂ ಅದೇ ಬಾಯಿಗೆ ಬಂತು. ಅಮ್ಮನ ಶ್ವಾಸಕೋಶ ಕೈಕೊಟ್ಟ ಮೇಲೆ ಅಮ್ಮನೂ ಮಗಳು ಅಳಿಯನ ಜೊತೆ ಅದರಲ್ಲೇ ಇದ್ದಳು. ಮಗನಿಗಿದ್ದದ್ದು ವರ್ಕ್‌ಶಾಪಿನ ಮೇಲಿನ ಒಂದು ಕೋಣೆ, ಏಣಿಯಂಥ ಮೆಟ್ಟಿಲು, ಹಗಲೆಲ್ಲ ಪೇಂಟಿನ ಘಾಟು. ಉಸಿರಿಗೆ ಒದ್ದಾಡುವವರನ್ನು ಅಲ್ಲಿ ಕರೆತಂದು ಕೂರಿಸುವುದೂ ಒಂದೇ, ಕುತ್ತಿಗೆ ಹಿಸುಕುವುದೂ ಒಂದೇ.

ಅಮ್ಮನ ತಲೆಯ ಬಳಿ ಸದಾ ಗುರುಗುಡುವ ಪೆಟ್ಟಿಗೆಯೊಂದಿತ್ತು. ಹೊರಗಿನ ಗಾಳಿಯನ್ನು ಎಳೆದು, ಸೋಸಿ, ಆಮ್ಲಜನಕವನ್ನಷ್ಟೇ ಕೊಳವೆಗೆ ಬಿಡುವ ಯಂತ್ರ. ಅದಕ್ಕೆ ಕರೆಂಟು ಬೇಕು, ನಿಲ್ಲದ ಕರೆಂಟು. ಎಂಜಿನ್ ಎಬ್ಬಿಸುವ ಬ್ಯಾಟರಿ ಮುಂದೆ ಬೇರೆ ಇತ್ತು. ದೀಪ, ಫ್ರಿಜ್ಜು, ಅಮ್ಮನ ಯಂತ್ರ ಇವಕ್ಕೆಂದು ಹಿಂದೆ, ಅಮ್ಮನ ಹಾಸಿಗೆಯ ಕೆಳಗೆ, ಒಂದು ಜೋಡಿ ದೊಡ್ಡ ಬ್ಯಾಟರಿ. ಆ ಜೋಡಿಯನ್ನು ಕೂರಿಸಿದವನು ಕಿಡಿ. ಎಂಜಿನ್ ಓಡುವಾಗ ಮುಂದಿನಿಂದ ಹಿಂದಕ್ಕೆ ಕರೆಂಟು ತಂದು ತುಂಬಿಸಲು ನಡುವೆ ಚಾರ್ಜರ್ ಪೆಟ್ಟಿಗೆ ಹಾಕಿದವನೂ ಅವನೇ. ಯಂತ್ರ ಕುಡಿಯುತ್ತ ಹೋಗಬೇಕು, ಚಾರ್ಜರ್ ತುಂಬಿಸುತ್ತ ಹೋಗಬೇಕು. ಹಾಗಾದರೆ ಎಷ್ಟು ದೂರದ ದಾರಿಯೂ ಹೆದರಿಕೆಯಿಲ್ಲ ಎಂದು ಎಲ್ಲರಿಗೂ ಎದೆ ತಟ್ಟಿ ಹೇಳಿದ್ದ.

ಹಿಂದಿನ ವಾರ, ಅತ್ತ ಊರಿಲ್ಲ ಇತ್ತ ಅಂಗಡಿಯಿಲ್ಲ ಎನ್ನುವ ಹೆದ್ದಾರಿಯ ನಡುವೆ, ಯಂತ್ರ ಒಂದೇ ಸಮನೆ ಚೀರಿ ನಿಂತುಹೋಗಿತ್ತು. ಬ್ಯಾಟರಿ ಬರಿದು. ಅಕ್ಕ ಕಪಾಟಿನಲ್ಲಿದ್ದ ಚಿಕ್ಕ ಆಮ್ಲಜನಕದ ಸಿಲಿಂಡರ್ ಹುಡುಕಿ, ಅದನ್ನು ತೆರೆಯುವ ಕೀಲಿ ಸಿಗದೆ ಅತ್ತು, ಅಂತೂ ಸಿಕ್ಕು ಹಚ್ಚುವಷ್ಟರಲ್ಲಿ ಅಮ್ಮನ ತುಟಿ ನೀಲಿಗಟ್ಟಿತ್ತು.

ನಾಳೆ ಬೆಳಗಾದರೆ ಬೆಟ್ಟದಾಚೆಯ ದೊಡ್ಡಾಸ್ಪತ್ರೆಗೆ ಹೊರಡಬೇಕು. ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿದ್ದಾರೆ. ಈ ದಿನ ತಪ್ಪಿಸಿಕೊಂಡರೆ ಮುಂದಿನದಕ್ಕೆ ಕಾಯುವಷ್ಟು ಶಕ್ತಿ ಆ ಶ್ವಾಸಕೋಶಕ್ಕಿಲ್ಲ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬೆಟ್ಟದ ದಾರಿ ಇಡೀ ಹಗಲಿನದು, ಚಿಕ್ಕ ಸಿಲಿಂಡರ್ ಅದರ ಕಾಲು ಭಾಗಕ್ಕೂ ಸಾಲದು.

“ಸಂಜೆಯೊಳಗೆ ಏನು ಕೆಟ್ಟಿದೆ ಅಂತ ಕಂಡುಹಿಡಿ,” ಎಂದ ಭಾವ. “ಇಲ್ಲಾಂದ್ರೆ ಗಾಡಿ ಹೊರಡಲ್ಲ. ನಿಮ್ಮಮ್ಮನ್ನ ಇಲ್ಲೇ ಊರಾಸ್ಪತ್ರೆ ವಾರ್ಡಿಗೆ ಸೇರಿಸ್ತೀನಿ. ಗೋಡೆಯ ಆಕ್ಸಿಜನ್ ಪೈಪಿಗೆ ಕಟ್ಟಿಹಾಕಿದ್ರೆ ಉಸಿರಾದ್ರೂ ಇರುತ್ತೆ.”

ಆ ವಾರ್ಡು ಯಾವುದೆಂದು ಕಿಡಿಗೆ ಗೊತ್ತಿತ್ತು. ಅಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಅವಳ ಸ್ವಂತ ಅಕ್ಕ ಅಲ್ಲಿಗೆ ನಡೆದುಕೊಂಡು ಹೋಗಿದ್ದಳು, ಹೊರಗೆ ಬಂದದ್ದು ನಡೆದುಕೊಂಡಲ್ಲ. ಅಮ್ಮ ಕಿಟಕಿಯಿಂದ ಮುಖ ಒಳಗೆಳೆದುಕೊಂಡಳು.

ಕಿಡಿ ಕೆಲಸಕ್ಕೆ ಇಳಿದ. ಅಮ್ಮನನ್ನು ಅಕ್ಕ ಕಚೇರಿಯ ಸೋಫಾದ ಮೇಲೆ ಕೂರಿಸಿ ಯಂತ್ರವನ್ನು ಗೋಡೆಯ ಪ್ಲಗ್ಗಿಗೆ ಹಾಕಿದಳು. ಇವನು ಹಾಸಿಗೆ ಮಡಚಿ, ಹಲಗೆ ಎತ್ತಿ, ಕೆಳಗಿದ್ದ ಜೋಡಿ ಬ್ಯಾಟರಿಯ ಮುಂದೆ ಮಂಡಿಯೂರಿದ. ಮೊದಲು ವೋಲ್ಟ್ ಅಳೆಯುವ ಮೀಟರಿನ ಎರಡು ಮೊನೆಗಳನ್ನು ಇಟ್ಟು ನೋಡಿದ. ಚೆನ್ನಾಗಿಯೇ ತೋರಿಸಿತು. ಸುಮ್ಮನೆ ಕೂತ ಬ್ಯಾಟರಿ ಮೀಟರಿಗೆ ಯಾವತ್ತೂ ಒಳ್ಳೆಯ ಮುಖವನ್ನೇ ತೋರಿಸುತ್ತದೆ, ಭಾರ ಹೊರಿಸಿದಾಗಲೇ ಅದರ ಬಣ್ಣ ಬಯಲಾಗುವುದು. ಎರಡನ್ನೂ ಬೇರ್ಪಡಿಸಿ, ಒಂದೊಂದಕ್ಕೂ ಲಾರಿಯ ಹೆಡ್‌ಲೈಟುಗಳನ್ನು ಸಾಲಾಗಿ ಕಟ್ಟಿ ಉರಿಸಿದ. ಒಂದು ಸತ್ತಿದ್ದು ಇನ್ನೊಂದರ ರಕ್ತ ಹೀರುತ್ತಿರಬಹುದು ಎಂದು ಅನುಮಾನ. ಇಲ್ಲ, ಎರಡೂ ಕಣ್ಣು ಮಿಟುಕಿಸದೆ ಉರಿಸಿದವು. ಟರ್ಮಿನಲ್ಲಿನ ಮೇಲೆ ಬಿಳಿ ಹುಡಿ ಕಟ್ಟಿದೆಯೇ ನೋಡಿದ, ಉಗುರಿಗೂ ಹತ್ತಲಿಲ್ಲ. ಒಂದೊಂದು ಕೇಬಲನ್ನೂ ಹಲ್ಲು ಕೀಳುವವನ ಹಾಗೆ ಹಿಡಿದು ಎಳೆದ. ಫ್ಯೂಸು ತೆಗೆದು ಬೆಳಕಿಗೆ ಹಿಡಿದ. ಎಂಜಿನ್ ಎಬ್ಬಿಸಿದರೆ ಚಾರ್ಜರಿನ ಹಸಿರು ದೀಪ ಬಂತು, ಅದರ ಫ್ಯಾನು ಕುಂಯ್ ಎಂದು ತಿರುಗಿತು, ಮೀಟರಿನ ಅಂಕಿ ಮೇಲೇರಿತು. ಎಲ್ಲವೂ ಸರಿ.

ಕೆಟ್ಟದ್ದೇನಾದರೂ ಕಣ್ಣಿಗೆ ಬಿದ್ದಿದ್ದರೆ ಅದಕ್ಕೆ ಮುತ್ತು ಕೊಡುತ್ತಿದ್ದ. ಕಾಣುವ ರೋಗಕ್ಕೆ ಮದ್ದಿದೆ. ಇಲ್ಲಿ ಸಾಧುವಿನಂತೆ ಕೂತು, ನಾಳೆ ಬೆಟ್ಟದ ತಿರುವಿನಲ್ಲಿ ಕೈಕೊಡುವುದಕ್ಕೆ ಏನು ಮಾಡುವುದು?

ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳುತ್ತ ಅತ್ತಿತ್ತ ನೋಡಿದಾಗ ಒಲೆಯ ಹಿಂದೆ ಕಂಡದ್ದು ಒಂದು ಕರೆಂಟಿನ ಕೆಟಲ್. ಇಷ್ಟು ಸಾಕಾಯಿತು ಅವನಿಗೆ. ಕೆಟಲ್ ಎಂದರೆ ಬ್ಯಾಟರಿಯ ಪಾಲಿಗೆ ಬಕಾಸುರ. ಅದನ್ನು ಬಾಲ ಹಿಡಿದ ಇಲಿಯಂತೆ ವೈರಿನಿಂದ ತೂಗಾಡಿಸುತ್ತ ಅಂಗಳಕ್ಕೆ ಇಳಿದ.

“ಇದನ್ನ ಯಾರು ಹಾಕಿದ್ದು? ಗಾಡಿ ಓಡಿಸ್ತಾ ಬಿಸಿಬಿಸಿ ಟೀ ಬೇಕಾಗಿತ್ತಾ ಭಾವ? ನಾನು ಟಾರ್ಚಿನ ಸೆಲ್ ಮುಟ್ಟಬಾರದು, ಸರಿ. ನೀವು?”

ವೆಲ್ಡರ್ ಕಿಸಕ್ಕನೆ ನಕ್ಕ. ಭಾವ ಏನೋ ಹೇಳಲು ಹೋಗುವಷ್ಟರಲ್ಲಿ ಅಕ್ಕ ಕಚೇರಿಯಿಂದ ಓಡಿ ಬಂದು ಕೆಟಲ್ ಕಸಿದುಕೊಂಡಳು.

“ನಂದು ಕಣೋ. ಅಮ್ಮನಿಗೆ ಹಬೆ ಹಿಡಿಸೋಕೆ ತಂದಿದ್ದು. ನೀನೇ ಹೇಳಿದ್ದೆಯಲ್ಲ, ಗೋಡೆ ಪ್ಲಗ್ ಇದ್ದಾಗ ಮಾತ್ರ ಅಂತ. ದಾರಿಯಲ್ಲಿ ಒಂದು ದಿನ ಹಾಕಿಲ್ಲ, ಆಣೆ.”

ಅಕ್ಕನ ಕಣ್ಣು ನೋಡಿದ ಮೇಲೆ ಅನುಮಾನಕ್ಕೆ ಜಾಗವಿರಲಿಲ್ಲ. ಭಾವ ಕೂಗಾಡಲಿಲ್ಲ, ಬರೀ ಹುಬ್ಬು ಮೇಲೇರಿಸಿದ. ಅದು ಬೈಗುಳಕ್ಕಿಂತ ಜೋರಾಗಿ ಕೇಳಿಸಿತು.

ಮಧ್ಯಾಹ್ನ ದಾಟಿತು. ಉಳಿದದ್ದು ಒಂದೇ ದಾರಿ: ನಾಳೆ ಹೇಗೋ ಇವತ್ತೂ ಹಾಗೇ. ಅಮ್ಮ ಹಾಸಿಗೆಯಲ್ಲಿ, ಯಂತ್ರ ಬ್ಯಾಟರಿಯ ಮೇಲೆ, ಭಾವ ಸ್ಟಿಯರಿಂಗಿನಲ್ಲಿ, ಗಾಡಿ ಊರಾಚೆಯ ರಸ್ತೆಯಲ್ಲಿ. ಸಿಲಿಂಡರನ್ನು ಕೀಲಿ ಸಮೇತ ಕೈಗೆಟುಕುವಲ್ಲಿ ಇಟ್ಟುಕೊಂಡು ಹೋಗೋಣ, ಎಲ್ಲಿ ಕೈಕೊಡುತ್ತದೋ ಕಣ್ಣಾರೆ ನೋಡುತ್ತೇನೆ ಎಂದು ಕಿಡಿ ಕೇಳಿಕೊಂಡ. ಕೇಳಿಕೊಳ್ಳುವುದು ಅವನಿಗೆ ಅಭ್ಯಾಸವಿಲ್ಲ, ಮಾತು ಗದರಿದಂತೆಯೇ ಬಂತು. ಭಾವ ಗೊಣಗುತ್ತ ಹತ್ತಿದ. ಅಕ್ಕ ಔಷಧಿ ಅಂಗಡಿಗೆ ಹೋಗಿದ್ದಳು.

ಮೀಟರಿಗೆ ಉದ್ದ ವೈರು ಕಟ್ಟಿ, ಅದನ್ನು ಹಾಸಿಗೆಯ ಅಂಚಿಗೆ ಸಿಕ್ಕಿಸಿ, ಕಿಡಿ ನೆಲದ ಮೇಲೆ ಕೂತ. ಹದಿಮೂರು ವೋಲ್ಟಿನ ಮೇಲಿದ್ದರೆ ಬ್ಯಾಟರಿ ತುಂಬುತ್ತಿದೆ ಎಂದರ್ಥ. ಹನ್ನೆರಡೂವರೆಗಿಂತ ಕೆಳಗಿಳಿದರೆ ಬರಿದಾಗುತ್ತಿದೆ ಎಂದು. ಅಂಕಿ ಹದಿಮೂರು ಮುಕ್ಕಾಲಿನ ಹತ್ತಿರವೇ ಆಡುತ್ತಿತ್ತು. ಅಮ್ಮನ ಯಂತ್ರದ ಗುರುಗುಡು, ಹಾಸಿಗೆಯಡಿಯಿಂದ ಚಾರ್ಜರ್ ಫ್ಯಾನಿನ ಕುಂಯ್. ಅಮ್ಮ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದು ನೆಟ್ಟಗೆ ಕೂತಿದ್ದಳು. ಮಲಗಮ್ಮ ಎಂದರೂ ಮಲಗಲಿಲ್ಲ. ಗಾಡಿ ಕುಲುಕಿದಾಗಲೆಲ್ಲ ಇವನು ಬಗ್ಗಿ ಮೀಟರ್ ನೋಡಿದ, ಅಂಕಿ ಮಾತ್ರ ಕದಲಲಿಲ್ಲ.

ಅಷ್ಟರಲ್ಲಿ ಮುಂದಿನಿಂದ ಭಾವ ಕೂಗಿದ, ಎದುರಿನ ಡ್ಯಾಶಿನಲ್ಲಿ ಆವತ್ತು ಬ್ಯಾಟರಿಯ ದೀಪ ಮಿನುಗಿತ್ತು, ಬಂದು ನೋಡು, ಆಮೇಲೆ ನಾನೇ ಸುಳ್ಳು ಹೇಳಿದೆ ಅಂತೀಯ ಎಂದು. ಕಿಡಿ ಎದ್ದು ಹೋಗಿ ಪಕ್ಕದ ಸೀಟಿನಲ್ಲಿ ಕೂತ. ದೀಪ ಮಿನುಗಲಿಲ್ಲ. ಅದನ್ನೇ ಕಾಯುತ್ತ ಇಬ್ಬರೂ ಬಹಳ ದೂರ ಹೋದರು. ಆಮೇಲೆ ಭಾವ ರಸ್ತೆಯಿಂದ ಕಣ್ಣು ಕೀಳದೆಯೇ ಹೇಳಿದ:

“ಅವತ್ತು ಈ ಕನ್ನಡಿಯಲ್ಲಿ ನಿಮ್ಮಕ್ಕನ ಬಾಯಿ ಕಾಣ್ತಿತ್ತು. ಏನೋ ಕಿರುಚ್ತಿದ್ದಳು. ನಂಗೇನೂ ಕೇಳಿಸಲೇ ಇಲ್ಲ ಕಣೋ. ಕಾಲು ಆಕ್ಸಿಲೇಟರ್ ಮೇಲಿತ್ತು, ಬ್ರೇಕ್ ಯಾವ ಕಡೆ ಅನ್ನೋದೇ ಮರೆತುಹೋಯ್ತು.”

ಕಿಡಿ ಅವನತ್ತ ನೋಡಿದ. ಸ್ಟಿಯರಿಂಗ್ ಹಿಡಿದ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಈ ಮನುಷ್ಯ ಬೈಯುವುದು ಹೆದರಿ ಎಂದು ಹೊಳೆಯಿತು. ಹೊಳೆದದ್ದು ಒಂದಿಷ್ಟೂ ಇಷ್ಟವಾಗಲಿಲ್ಲ. ಬೈದವನನ್ನು ದ್ವೇಷಿಸುವುದು ಎಷ್ಟೋ ಸಲೀಸು. ಎದ್ದು ಹಿಂದಕ್ಕೆ ಬಂದ.

ಮೀಟರ್ ಹನ್ನೆರಡು ಕಾಲು ತೋರಿಸುತ್ತಿತ್ತು.

ಮೊದಲು ತನ್ನ ಕಣ್ಣನ್ನೇ ನಂಬಲಿಲ್ಲ. ಬಗ್ಗಿ ಕೇಳಿದ. ಯಂತ್ರದ ಗುರುಗುಡು ಇತ್ತು, ಫ್ಯಾನಿನ ಕುಂಯ್ ಇರಲಿಲ್ಲ. ಅಂಕಿ ಅವನ ಕಣ್ಣೆದುರೇ ಮತ್ತೊಂದು ಕೂದಲೆಳೆಯಷ್ಟು ಇಳಿಯಿತು. ಹಾಸಿಗೆಯ ತಲೆಭಾಗದ ಪುಟ್ಟ ಬಾಗಿಲು ತೆರೆದ. ಚಾರ್ಜರಿನ ಹಸಿರು ದೀಪ ಆರಿತ್ತು. ಅದರ ಪಕ್ಕದ ಚಾರ್ಜರ್ ಸ್ವಿಚ್ಚು ಕೆಳಗಿತ್ತು, ಎಂದರೆ ಆಫ್.

ಸ್ವಿಚ್ಚು! ಕುಲುಕಾಟಕ್ಕೆ ತಾನಾಗಿ ಬೀಳುತ್ತಿದೆ, ಸಡಿಲವಾಗಿದೆ, ಸಿಕ್ಕಿತು ಕಳ್ಳ. ಸ್ವಿಚ್ಚಿಗೆ ಬೆರಳಿಟ್ಟು ಮೇಲೆತ್ತಿದ. ಟಕ್ ಎಂದು ಬಿಗಿಯಾಗಿ ಎದ್ದಿತು. ಅದನ್ನು ಕೆಳಗಿಳಿಸಲು ಉಗುರು ನೋಯುವಷ್ಟು ಒತ್ತಬೇಕಾಯಿತು. ಗಾಡಿಯನ್ನು ಎತ್ತಿ ಒಗೆದರೂ ತಾನಾಗಿ ಬೀಳುವ ಸ್ವಿಚ್ಚಲ್ಲ ಅದು.

ಅವನು ನಿಧಾನವಾಗಿ ತಲೆಯೆತ್ತಿದ. ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಎಡಗೈಯನ್ನು ಹೊದಿಕೆಯೊಳಗೆ ಅಡಗಿಸಿಕೊಂಡಿದ್ದಳು, ಬೆಲ್ಲ ಕದ್ದ ಮಗುವಿನ ಹಾಗೆ.

“ಅಮ್ಮ,” ಎಂದ. ದನಿ ತನ್ನದೆನಿಸಲಿಲ್ಲ.

“ಮೆಲ್ಲಗೆ,” ಎಂದಳು ಅವಳು. “ಅಳಿಯಂದಿರಿಗೆ ಕೇಳಿಸುತ್ತೆ.”

ಅಪ್ಪನದು ಬ್ಯಾಟರಿ ಚಾರ್ಜಿಂಗ್ ಅಂಗಡಿಯಾಗಿತ್ತು. ಕಿಡಿ ಶಾಲೆ ಬಿಟ್ಟು ಕೂತದ್ದು ಆ ಅಂಗಡಿಯಲ್ಲೇ. ಹಿಂದಿನ ಕತ್ತಲೆ ಕೋಣೆಯ ಕಟ್ಟೆಯ ಮೇಲೆ ಸಾಲು ಬ್ಯಾಟರಿಗಳು, ಮುಚ್ಚಳ ತೆಗೆದ ಬಾಯಿಗಳಲ್ಲಿ ಗುಳುಗುಳು ಕುದಿಯುವ ಆಮ್ಲ, ಮೂಗು ಸುಡುವ ಹಬೆ. ಆ ಕೋಣೆಗೆ ಒಂದೇ ಕಾನೂನು: ಚಾರ್ಜಿಗೆ ಹಾಕಿದ ಬ್ಯಾಟರಿಯ ಬಳಿ ಯಾರೂ ಕೂರಬಾರದು, ಮಲಗುವುದಂತೂ ಕನಸಿನ ಮಾತು. ಒಮ್ಮೆ ಆಟವಾಡುತ್ತ ಆ ಕಟ್ಟೆಯ ಕೆಳಗೆ ತೂಕಡಿಸಿದ್ದಕ್ಕೆ ಅಮ್ಮ ಹೊಡೆದ ಏಟಿಗೆ ಕಿಡಿಯ ಕಿವಿ ಎರಡು ದಿನ ಗುಂಯ್ಗುಟ್ಟಿತ್ತು. ಅವಳು ಹೊಡೆದದ್ದಕ್ಕೂ ಕಾರಣವಿತ್ತು. ಅದಕ್ಕಿಂತ ಮುಂಚೆಯೇ ಒಂದು ಬ್ಯಾಟರಿ ಸಿಡಿದು ಅಪ್ಪನ ಎಡಗೆನ್ನೆ ಮೇಣದಂತೆ ಕರಗಿಹೋಗಿತ್ತು. ಗಾಯ ತೊಳೆದವಳು ಅಮ್ಮ. ಸಾಯುವವರೆಗೂ ಅಪ್ಪ ಬಲಗಡೆಯಿಂದಲೇ ಅಗಿದು ಉಂಡ.

“ಇದು ಆ ಥರದ್ದಲ್ಲಮ್ಮ. ಮುಚ್ಚಿದ ಬ್ಯಾಟರಿ. ಒಳಗೆ ನೀರಿಲ್ಲ, ಕುದಿಯಲ್ಲ, ಹೊಗೆಯಿಲ್ಲ. ಹಾಕುವಾಗಲೇ ಹೇಳಿದ್ದೆನಲ್ಲ.”

“ಹೇಳಿದ್ದೆ. ತಲೆಗೆ ಗೊತ್ತು,” ಎಂದಳು ಅಮ್ಮ. ನಡುವೆ ಉಸಿರು ಎಳೆದುಕೊಂಡಳು. “ಕೆಳಗಿನಿಂದ ಕುಂಯ್ ಅಂದ ಕೂಡಲೇ ಚಾರ್ಜಿಗೆ ಬಿದ್ದಿದೆ ಅನಿಸುತ್ತೆ. ಕೈ ತಾನಾಗಿ ಹೋಗಿಬಿಡುತ್ತೆ. ಗಾಡಿ ನಿಂತ ಮೇಲೆ ಯಾರೂ ನೋಡದಾಗ ಮತ್ತೆ ಮೇಲೆತ್ತಿಡ್ತೀನಿ.”

“ನಿನ್ನ ಉಸಿರೇ ನಿಂತುಹೋಗ್ತಿತ್ತು.”

“ನನ್ನ ಉಸಿರು ತಾನೆ? ಎಷ್ಟು ದಿನದ್ದು ಅದು. ನಿಮ್ಮಕ್ಕ ನನ್ನ ಪಕ್ಕದಲ್ಲೇ ಮಲಗ್ತಾಳೆ. ಅದು ಸಿಡಿದ್ರೆ ಅವಳ ಮುಖ?”

ಅವನಿಗೆ ಕೂಗಬೇಕೆನ್ನಿಸಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬ್ಯಾಟರಿ ಅಲ್ಲಿಡಬೇಡ ಕಣೋ ಎಂದು ಅಮ್ಮ ಹಾಕುವಾಗಲೇ ಒಂದು ಮಾತು ಹೇಳಿದ್ದಳು. ಇವನು ನಕ್ಕು, ನಿನಗೇನು ಗೊತ್ತಾಗುತ್ತೆ ಸುಮ್ಮನಿರಮ್ಮ ಎಂದಿದ್ದ. ಸುಮ್ಮನಿದ್ದಳು.

“ಮೊದಲೇ ಯಾಕೆ ಹೇಳಲಿಲ್ಲ?”

“ಏನಂತ ಹೇಳಲಿ? ನನ್ನ ಮಗ ಮಾಡಿದ ಕೆಲಸಕ್ಕೆ ನನಗೇ ಹೆದರಿಕೆ ಅಂತಲಾ? ಆಗಲೇ ಅವರು ನಿನ್ನನ್ನ ಆಡೋದು ಸಾಲದಾ?” ಅವಳು ಅವನ ಮುಂಗೈ ಹಿಡಿದುಕೊಂಡಳು. ಬೆರಳು ತಣ್ಣಗಿದ್ದವು. “ಈಗ ಗೊತ್ತಾದ್ರೆ ಮುದುಕಿಗೆ ಬುದ್ಧಿ ಕೆಟ್ಟಿದೆ ಅಂತಾರೆ. ಕಣ್ಣು ತಪ್ಪಿದ್ರೆ ಏನು ಮಾಡ್ಕೋತಾಳೋ ಅಂತ ವಾರ್ಡಿಗೆ ಹಾಕ್ತಾರೆ. ತಪ್ಪು ಅಂತಲೂ ಹೇಳೋಕಾಗಲ್ಲ. ಹೇಳಬೇಡ ಕಣಪ್ಪ.”

ಮುಂದೆ ಭಾವ ಏನಾದರೂ ಸಿಕ್ಕಿತೇ ಎಂದು ಕೇಳುತ್ತಿದ್ದ. ಕಿಡಿ ಸ್ವಿಚ್ಚನ್ನು ಮೇಲೆತ್ತಿದ. ಕುಂಯ್ ಎಂದಿತು. ಅವನ ಕೈಯೊಳಗಿದ್ದ ಅಮ್ಮನ ಬೆರಳುಗಳು ಆ ಶಬ್ದಕ್ಕೆ ಬೆಚ್ಚಿ ಬಿಗಿದುಕೊಂಡದ್ದು ಗೊತ್ತಾಯಿತು.

ಸ್ವಿಚ್ಚಿಗೆ ಒಂದು ಮುಚ್ಚಳ ಹಾಕಿ ಬೀಗ ಜಡಿದರೆ ಕೆಲಸ ಮುಗಿಯುತ್ತಿತ್ತು. ಅಮ್ಮನ ಕೈ ನಿಲ್ಲುತ್ತಿತ್ತು, ಹೆದರಿಕೆ? ಬೆಟ್ಟದ ದಾರಿಯುದ್ದಕ್ಕೂ, ಸಿಡಿಯುತ್ತದೆ ಎಂದು ನಂಬಿದ ವಸ್ತುವಿನ ಮೇಲೆ ಅವಳು ಉಸಿರು ಬಿಗಿಹಿಡಿದು ಕೂತಿರಬೇಕು. ಇರುವುದೇ ಅಷ್ಟು ಉಸಿರು. ಮತ್ತೆ, ಬೀಗ ಯಾಕೆ ಎಂದು ಭಾವ ಕೇಳದೆ ಬಿಡುವವನೇ?

“ಜಾಗ ಸರಿಯಿಲ್ಲ,” ಎಂದು ಕೂಗಿ ಹೇಳಿದ. “ವರ್ಕ್‌ಶಾಪಿಗೆ ತಿರುಗಿಸಿ. ಬ್ಯಾಟರಿ ಹೊರಗಡೆ ಹಾಕ್ತೀನಿ.”

ಹೊರಗಡೆ ಎಂದರೆ ಗಾಡಿಯ ಹಿಂಬದಿಯ ಪೆಟ್ಟಿಗೆ, ಹೊರಗಿನಿಂದ ಮಾತ್ರ ಬಾಗಿಲು ತೆರೆಯುವಂಥದ್ದು. ಅದರಲ್ಲಿ ಭಾವನ ಪರೀಕ್ಷೆಯ ತೂಕದ ಬಟ್ಟುಗಳಿದ್ದವು. ಕಬ್ಬಿಣದ ಆ ಬಟ್ಟುಗಳನ್ನು ಭಾವ ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ್ದ, ಬರಿಗೈಯಲ್ಲಿ ಮುಟ್ಟಿದರೂ ಬೆವರಿಗೆ ತೂಕ ಹೆಚ್ಚುತ್ತದೆ ಎಂದು ರಂಪ ಮಾಡುವವನು. ಅವನ್ನು ಖಾಲಿ ಮಾಡಬೇಕೆಂದಾಗ ಅಂಗಳದಲ್ಲಿ ಮತ್ತೊಂದು ಕುರುಕ್ಷೇತ್ರವಾಯಿತು. ಔಷಧಿ ತಂದ ಅಕ್ಕ ಅದನ್ನು ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: “ರೀ, ಅಮ್ಮ ಹೆಚ್ಚೋ ಬಟ್ಟು ಹೆಚ್ಚೋ?” ತೂಕದವನಿಗೆ ತೂಕದ ಪ್ರಶ್ನೆ. ಭಾವ ಕೈಗವಸು ಹಾಕಿಕೊಂಡು ತಾನೇ ಒಂದೊಂದಾಗಿ ಎತ್ತಿ, ಬಟ್ಟೆಯಲ್ಲಿ ಸುತ್ತಿ, ಅಮ್ಮನ ಹಾಸಿಗೆಯ ಕೆಳಗೆ ಜೋಡಿಸಿದ.

ಕಿಡಿ ಬ್ಯಾಟರಿ ಹೊತ್ತು ಹೊರಗೆ ತಂದ. ಪೆಟ್ಟಿಗೆಯ ತಳಕ್ಕೆ ರಬ್ಬರು ಹಾಸಿದ. ಕುಲುಕದಂತೆ ಕಬ್ಬಿಣದ ಪಟ್ಟಿ ಬಿಗಿದ. ಗಾಳಿಯಾಡಲು ಬಾಗಿಲಿಗೆ ತೂತು ಕೊರೆದು ಜಾಲರಿ ಹಾಕಿದ. ಈಗ ದಾರಿ ಉದ್ದವಾಯಿತಲ್ಲ, ಹಳೆಯ ಕೇಬಲ್ ಸಾಲದು. ಉದ್ದ ಹೆಚ್ಚಿದಷ್ಟೂ ಕರೆಂಟು ದಾರಿಯಲ್ಲೇ ಸೋತು ಕೇಬಲ್ ಬಿಸಿಯಾಗುತ್ತದೆ. ಹೆಬ್ಬೆರಳು ದಪ್ಪದ ಕೇಬಲ್ ಎಳೆದ. ಚಾರ್ಜರನ್ನೂ ಅದರ ಸ್ವಿಚ್ಚನ್ನೂ ಹೊರಗಿನ ಪೆಟ್ಟಿಗೆಯಲ್ಲೇ ಕೂರಿಸಿದ. ಒಂದೊಂದು ನಟ್ಟನ್ನೂ ಎರಡೆರಡು ಸಲ ಬಿಗಿದ, ಮೂರನೆಯ ಸಲ ಬಿಗಿಯಲು ಹೋಗಿ, ತಿರುಪಿನ ಹಲ್ಲು ಕಿತ್ತುಹೋದೀತೆಂದು ಹೆದರಿ ಕೈ ಬಿಟ್ಟ.

ಮೇಸ್ತ್ರಿ ಬಂದು ಹಿಂದೆ ನಿಂತರು.

“ಬ್ಯಾಟರಿ ಚೆನ್ನಾಗಿದೆ, ಚಾರ್ಜರ್ ಚೆನ್ನಾಗಿದೆ ಅಂತೀಯ. ಮತ್ತೆ ಯಾಕೆ ಕಿತ್ತೆ?”

“ಜಾಗ ಸರಿಯಿರಲಿಲ್ಲ ಮೇಸ್ತ್ರಿ.”

“ಜಾಗ ಆರಿಸಿದ್ದು ಯಾರು?”

“ನಾನೇ.”

ಮೇಸ್ತ್ರಿ ಕನ್ನಡಕ ತೆಗೆದು ಜೇಬಿಗಿಟ್ಟರು. ಆಮೇಲೆ, ಇನ್ನು ಮುಂದೆ ಮನೆಗಾಡಿಗಳ ಕೆಲಸ ನನ್ನನ್ನು ಕೇಳದೆ ಮುಟ್ಟಬೇಡ ಎಂದು ಹೇಳಿ ಹೋದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು. ವರ್ಕ್‌ಶಾಪಿನಲ್ಲಿ ಅವನು ಇಷ್ಟಪಟ್ಟು ಮಾಡುತ್ತಿದ್ದ ಕೆಲಸವೆಂದರೆ ಅದೊಂದೇ.

ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಎಲ್ಲ ಮುಗಿಯಿತು. ಅಮ್ಮನನ್ನು ಹಾಸಿಗೆಯಲ್ಲಿ ಕೂರಿಸಿ, ಯಂತ್ರ ಹಚ್ಚಿ, ಎಂಜಿನ್ ಎಬ್ಬಿಸಿದರು. ಕಿಡಿ ಹಿಂದಿನ ಪೆಟ್ಟಿಗೆ ತೆರೆದು ನೋಡಿದ, ಹಸಿರು ದೀಪ. ಕೇಬಲಿನುದ್ದಕ್ಕೂ ಅಂಗೈ ಇಟ್ಟು ಜ್ವರ ನೋಡಿದ, ತಣ್ಣಗಿತ್ತು. ಸಾಕಷ್ಟು ಹೊತ್ತು ಕಾದು ಮತ್ತೆ ನೋಡಿದ. ತಣ್ಣಗೇ ಇತ್ತು. ಒಳಗೆ ಹೋಗಿ ಅಮ್ಮನ ಪಕ್ಕ ಬಗ್ಗಿ, ಏನಾದರೂ ಕೇಳಿಸುತ್ತಿದೆಯೇ ಎಂದ.

ಅಮ್ಮ ಕಿವಿಗೊಟ್ಟಳು. ತನ್ನ ಯಂತ್ರದ ಗುರುಗುಡು ಬಿಟ್ಟು ಬೇರೇನಿಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಹಾಸಿಗೆಯ ಹಲಗೆಯನ್ನು ಬೆರಳಿನಿಂದ ತಟ್ಟಿ, ಕೆಳಗೆ ಈಗ ಏನಿದೆ ಎಂದು ಕಣ್ಣಿನಲ್ಲೇ ಕೇಳಿದಳು.

“ಭಾವನ ಬಟ್ಟು.”

“ಅವು ಸಿಡಿಯಲ್ಲ ತಾನೆ?”

“ಬೆವರು ತಾಗಿಸಿದ್ರೆ ಭಾವ ಸಿಡೀತಾರೆ ಅಷ್ಟೆ.”

ಅಮ್ಮ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಂತಿತು. ಬೆಳಿಗ್ಗೆಯಿಂದ ಮೊದಲ ಸಲ ದಿಂಬಿಗೆ ಒರಗಿದಳು. ಎರಡೂ ಕೈ ಹೊದಿಕೆಯ ಮೇಲಿದ್ದವು, ತೆರೆದುಕೊಂಡು. ಕಿಡಿ ಆ ಕೈಗಳನ್ನು ನೋಡುತ್ತ ನಿಂತ. ನಾಳೆ ಬೆಟ್ಟದ ಮೇಲೆ ಇವಳು ಎದ್ದು ಹಿಂದಿನ ಪೆಟ್ಟಿಗೆಯತ್ತ ಹೋಗದಿದ್ದರೆ ಸರಿ. ಪಟ್ಟಿ ಸಡಿಲವಾಗದಿದ್ದರೆ ಸರಿ. ಗಾಡಿ ನಿಂತಾಗಲೆಲ್ಲ ಹಿಂದೆ ಹೋಗಿ ಹಸಿರು ದೀಪ ನೋಡು ಎಂದು ಅಕ್ಕನಿಗೆ ಹೇಳಿದ್ದ. ಅವಳು ಯಾಕೆ ಎಂದು ಕೇಳಲಿಲ್ಲ, ಹೂಂ ಎಂದಳು. ಆ ಹೂಂ ಸಾಲುತ್ತದೆಯೇ? ಜೊತೆಗೆ ಹೋಗೋಣವೆಂದರೆ ಇವನಿಗೆ ಮೇಸ್ತ್ರಿ ರಜೆ ಕೊಡುವ ದಿನ ಇದಲ್ಲ.

ಕೆಳಗಿಳಿದಾಗ ಭಾವ ಅಂಗಳದಲ್ಲಿ ಕಾಯುತ್ತಿದ್ದ. ವೆಲ್ಡರ್ ಉಪಕರಣ ಎತ್ತಿಡುತ್ತಿದ್ದ, ಪೇಂಟರ್ ಕೈ ತೊಳೆಯುತ್ತಿದ್ದ. ಮೇಸ್ತ್ರಿ ಕಚೇರಿಗೆ ಬೀಗ ಹಾಕಲು ಹೋದವರು ಕೀಲಿ ಹಿಡಿದು ನಿಂತರು.

“ಮೀಟರ್ ನಾನೂ ನೋಡಿದೆ,” ಎಂದ ಭಾವ. “ಸರಿಯಿದೆ. ಹೊರಡೋಣ ಬೆಳಿಗ್ಗೆ.”

ಕಿಡಿ ತಲೆಯಾಡಿಸಿ ಮೀಟರಿನ ವೈರು ಸ್ಪ್ಯಾನರು ಎಲ್ಲ ಚೀಲಕ್ಕೆ ತುಂಬತೊಡಗಿದ. ಭಾವ ಒಂದು ಹೆಜ್ಜೆ ಹತ್ತಿರ ಬಂದ. ಬಂದದ್ದು ಮೆಲ್ಲಗೆ ಮಾತಾಡಲಲ್ಲ.

“ಆದರೆ ಒಂದು ಲೆಕ್ಕ ನಂಗೆ ಹತ್ತಲಿಲ್ಲ. ಬ್ಯಾಟರಿ ಕೆಟ್ಟಿರಲಿಲ್ಲ ಅಂತೀಯ. ವೈರು ಕೆಟ್ಟಿರಲಿಲ್ಲ. ಒಳಗಿದ್ದದ್ದು ಹೊರಗೆ ಬಂದ್ರೆ ಸರಿಹೋಗಿಬಿಡುತ್ತಾ? ನನ್ನ ಹೆಂಡತಿ ಇನ್ನೂ ನಿದ್ದೆಯಲ್ಲಿ ಬೆಚ್ಚಿಬೀಳ್ತಾಳೆ. ಅವತ್ತು ಅದು ಯಾಕೆ ನಿಂತಿತು? ನೀನು ಏನು ತಪ್ಪು ಮಾಡಿದ್ದೆ? ಇಷ್ಟು ಜನರ ಮುಂದೆ ಹೇಳು. ಒಪ್ಪಿಕೊಂಡ್ರೆ ನಿನ್ನ ಗಂಟೇನೂ ಹೋಗಲ್ಲ.”

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಒಂದೇ ಒಂದು ವಾಕ್ಯ ಸಾಕಿತ್ತು. ಬೆಳಗಿನ ಮಾತು, ಹುಬ್ಬು ಮೇಲೇರಿಸಿದ್ದು, ಮೇಸ್ತ್ರಿಯ ಕಣ್ಣು, ಎಲ್ಲವನ್ನೂ ಒಂದೇ ಏಟಿಗೆ ತೊಳೆದುಬಿಡುವ ವಾಕ್ಯ. ಅದು ಎದೆಯಿಂದ ಗಂಟಲಿಗೆ ಬಂತು, ಗಂಟಲಿನಿಂದ ಹಲ್ಲಿನ ಹಿಂದಕ್ಕೆ ಬಂತು. ದವಡೆ ನೋಯುವಷ್ಟು ಅದನ್ನು ಕಚ್ಚಿಹಿಡಿದ. ಗಾಡಿಯ ಕಿಟಕಿಯತ್ತ ನೋಡಲಿಲ್ಲ. ನೋಡಿದರೆ ಭಾವನೂ ನೋಡುತ್ತಾನೆ.

ಚೀಲದ ಜಿಪ್ಪು ಎಳೆದ. ಅದು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. ಹಾಗೆಯೇ ಹೆಗಲಿಗೇರಿಸಿ, ಭಾವನನ್ನು ಬಳಸಿಕೊಂಡು, ಎಣ್ಣೆ ಚೆಲ್ಲಿದ ನೆಲ ದಾಟಿ, ಗೇಟಿನತ್ತ ನಡೆದ. ಹಿಂದಿನಿಂದ ಭಾವ ಮತ್ತೊಮ್ಮೆ ಕೇಳಿದ. ಕಿಡಿ ಗೇಟಿನ ಚಿಲಕ ತೆಗೆದು ರಸ್ತೆಗಿಳಿದ.